ಫೆರೆಟ್‌ಗೆ ಬೆದೆಗಾಲ: ತೀರ್ಮಾನ ಫೆಬ್ರುವರಿಯಲ್ಲೇ ಆಗಲಿ

ಬ್ರಿಟನ್ನಿನಲ್ಲಿ ಫೆರೆಟ್‌ಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯರಿಗೆ ಬೇಸಿಗೆಯ ಒಂದು ಬಗೆಯ ರೋಗಿ ಚೆನ್ನಾಗಿ ಗೊತ್ತು. ಒಂದೆರಡು ವರ್ಷದ ಹೆಣ್ಣು. ಬಾಲದ ಬುಡದಲ್ಲಿ ಕೂದಲು ಉದುರಿದೆ, ಹಿಂಗಾಲು ಎಳೆಯುತ್ತಿದೆ, ತುಟಿ ಎತ್ತಿ ನೋಡಿದರೆ ಒಸಡು ಬಿಳಚಿಕೊಂಡಿದೆ. ಎರಡು ದಿನದಿಂದ ಏನೂ ಮುಟ್ಟಿಲ್ಲ ಎನ್ನುತ್ತಾರೆ ಸಾಕಿದವರು. ಬೆದೆಗೆ ಬಂದು ಎಷ್ಟು ದಿನವಾಯಿತು ಎಂದು ವೈದ್ಯರು ಕೇಳಿದರೆ, ಏಪ್ರಿಲ್‌ನಿಂದ ಹಾಗೇ ಇದೆ, ತಾನಾಗಿಯೇ ಇಳಿಯುತ್ತದೆ ಅಂದುಕೊಂಡಿದ್ದೆವು ಎಂಬ ಉತ್ತರ ಬರುತ್ತದೆ.

ಹಸುವಿಗೆ ಬಂದ ಬೆದೆ ಒಂದು ದಿನದೊಳಗೆ ಮುಗಿಯುತ್ತದೆ. ನಾಯಿಯದು ಎರಡು ಮೂರು ವಾರ. ಫೆರೆಟ್‌ನ ಲೆಕ್ಕವೇ ಬೇರೆ. ಗಂಡಿನ ಜೊತೆ ಕೂಡಿದ ಮೇಲೆಯೇ ಹೆಣ್ಣಿನ ಅಂಡಾಶಯದಿಂದ ಅಂಡಾಣು ಹೊರಬೀಳುವುದು. ಕೂಡದೇ ಹೋದರೆ ಅಂಡಾಣು ಬಿಡುಗಡೆಯಾಗದು, ಬೆದೆಯೂ ಇಳಿಯದು. ಶರತ್ಕಾಲದಲ್ಲಿ ಹಗಲು ಮೊಟಕಾಗುವವರೆಗೆ, ಅಂದರೆ ಆರು ತಿಂಗಳವರೆಗೂ, ಅದು ಬೆದೆಯಲ್ಲೇ ಉಳಿಯಬಹುದು. ಅಷ್ಟೂ ದಿನ ರಕ್ತದಲ್ಲಿ ಈಸ್ಟ್ರೋಜನ್ ಮಟ್ಟ ಏರಿಯೇ ಇರುತ್ತದೆ. ಈ ಹಾರ್ಮೋನು ಮೂಳೆಯೊಳಗಿನ ಮಜ್ಜೆಯನ್ನು ಕುಗ್ಗಿಸುತ್ತ ಹೋಗುತ್ತದೆ. ಮೊದಲು ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು ಕಡಿಮೆಯಾಗುತ್ತವೆ, ಆಮೇಲೆ ಬಿಳಿ ರಕ್ತಕಣ, ಕೊನೆಗೆ ಕೆಂಪು ರಕ್ತಕಣ. ಹೀಗೆ ತಿಂಗಳುಗಟ್ಟಲೆ ಬೆದೆಯಲ್ಲಿ ಉಳಿದ ಹೆಣ್ಣುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಈ ಕಾಯಿಲೆ ತಗಲುತ್ತದೆ ಎಂಬುದು ಪಶುವೈದ್ಯ ಪುಸ್ತಕಗಳ ಲೆಕ್ಕ. ಅಪಾಯ ಶುರುವಾಗುವುದು ಬೆದೆ ಒಂದು ತಿಂಗಳು ದಾಟಿದ ಮೇಲೆ.

ಆದ್ದರಿಂದ ಫೆರೆಟ್ ಸಾಕುವವರ ವರ್ಷದಲ್ಲಿ ಎಲ್ಲಕ್ಕಿಂತ ಮುಖ್ಯ ತೀರ್ಮಾನ ಒಂದೇ: ಈ ಹೆಣ್ಣಿಗೆ ಮರಿ ಬೇಕೋ ಬೇಡವೋ, ಬೇಡವಾದರೆ ಬೆದೆಯನ್ನು ತಡೆಯುವುದು ಹೇಗೆ? ಮಾರ್ಚ್ ಬಂದ ಮೇಲೆ ಯೋಚಿಸಿದರಾಯಿತು ಎನ್ನುವವರು ಸಾಮಾನ್ಯವಾಗಿ ಮೇ ತಿಂಗಳಲ್ಲೂ ಯೋಚಿಸುತ್ತಲೇ ಇರುತ್ತಾರೆ.

ಬೆಳಕಿನ ಲೆಕ್ಕ

ನೋಡಲು ಮುಂಗುಸಿಯ ದಾಯಾದಿಯಂತಿದ್ದರೂ ಫೆರೆಟ್ ನಮ್ಮ ನೀರುನಾಯಿಯ ಕುಟುಂಬಕ್ಕೆ ಸೇರಿದ ಪ್ರಾಣಿ. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಪಳಗಿಸಿ ಬಂದ ತಳಿ ಇದು. ಮೊಲದ ಬಿಲಕ್ಕೆ ಇದನ್ನು ನುಗ್ಗಿಸಿ ಮೊಲವನ್ನು ಹೊರಕ್ಕೆ ಓಡಿಸುವ ಪದ್ಧತಿಯನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ಭೂಗೋಳಕಾರ ಸ್ಟ್ರಾಬೋ, ರೋಮಿನ ಪ್ಲಿನಿ ಬರೆದಿಟ್ಟಿದ್ದಾರೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಈ ಬೇಟೆ ಇವತ್ತಿಗೂ ನಡೆಯುತ್ತದೆ, ಅದೂ ಹೆಚ್ಚಾಗಿ ಚಳಿಗಾಲದಲ್ಲಿ. ಬೇಟೆಯ ಕಾಲ ಮುಗಿಯುವ ಹೊತ್ತಿಗೆ ಬೆದೆಯ ಕಾಲ ಕಾಲಿಡುತ್ತದೆ. ಹೆಣ್ಣನ್ನು ಅಲ್ಲಿ ಜಿಲ್ ಎನ್ನುತ್ತಾರೆ, ಗಂಡನ್ನು ಹಾಬ್, ಮರಿಯನ್ನು ಕಿಟ್.

ಇವುಗಳ ದೇಹಕ್ಕೆ ಋತು ತಿಳಿಯುವುದು ಚಳಿ ಸೆಕೆಯಿಂದಲ್ಲ, ಹಗಲಿನ ಉದ್ದದಿಂದ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಯ ಹಗಲು ಎಂಟು ಗಂಟೆಗೂ ಕಡಿಮೆ, ಜೂನ್‌ನ ಹಗಲು ಹದಿನಾರೂವರೆ ಗಂಟೆಗೂ ಹೆಚ್ಚು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇದು ಬೇರೆಯೇ ಲೋಕ. ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಮೊಟಕು ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಅಷ್ಟೆ. ಬ್ರಿಟನ್ನಿನಲ್ಲಿ ಮಾರ್ಚ್ ಮೂರನೇ ವಾರ ಹಗಲು ಹನ್ನೆರಡು ಗಂಟೆ ದಾಟುವ ಆಸುಪಾಸಿನಲ್ಲಿ ಹೆಣ್ಣುಗಳು ಬೆದೆಗೆ ಬರತೊಡಗುತ್ತವೆ. ಗಂಡುಗಳು ಅದಕ್ಕೂ ಮೊದಲೇ, ಡಿಸೆಂಬರ್ ಜನವರಿಯಿಂದಲೇ ಸಜ್ಜಾಗುತ್ತವೆ.

ಬಿಸಿಲೇ ಆಗಬೇಕೆಂದಿಲ್ಲ, ಬಲ್ಬಿನ ಬೆಳಕೂ ಸಾಕು. ಥಾಮಸ್ ಬಿಸೊನೆಟ್ ಎಂಬ ಜೀವವಿಜ್ಞಾನಿ ನವೆಂಬರ್ ಡಿಸೆಂಬರ್ ತಿಂಗಳಲ್ಲಿ ಕತ್ತಲಾದ ಮೇಲೆಯೂ ವಿದ್ಯುತ್ ದೀಪ ಉರಿಸಿ ಫೆರೆಟ್‌ಗಳನ್ನು ಅಕಾಲದಲ್ಲಿ ಬೆದೆಗೆ ತಂದ ಪ್ರಯೋಗವನ್ನು 1932ರಲ್ಲೇ ಪ್ರಕಟಿಸಿದ್ದರು. ಮನೆಯೊಳಗೆ, ಟೀವಿ ಕೋಣೆಯ ಮೂಲೆಯಲ್ಲಿ ಫೆರೆಟ್ ಇಟ್ಟುಕೊಂಡವರು ಇದನ್ನು ನೆನಪಿಡಬೇಕು. ರಾತ್ರಿ ಹನ್ನೊಂದರವರೆಗೆ ದೀಪ ಉರಿಯುವ ಮನೆಯಲ್ಲಿ ಫೆರೆಟ್‌ನ ವಸಂತ ಮಾರ್ಚ್‌ಗೆ ಕಾಯುವುದಿಲ್ಲ, ಸೆಪ್ಟೆಂಬರ್‌ಗೆ ಮುಗಿಯುವುದೂ ಇಲ್ಲ. ಸಂಜೆ ಹೊರಗೆ ಕತ್ತಲಾಗುವ ಹೊತ್ತಿಗೆ ಗೂಡಿಗೂ ಕತ್ತಲಾಗುವಂತೆ ನೋಡಿಕೊಂಡರೆ ಅರ್ಧ ಗೊಂದಲ ತಪ್ಪುತ್ತದೆ.

ಬೆದೆ ಗುರುತಿಸುವುದಕ್ಕೆ ಪರಿಣತಿ ಬೇಕಿಲ್ಲ. ಒಂದು ಕೈಯನ್ನು ಮುಂಗಾಲುಗಳ ಹಿಂದೆ ಎದೆಗೆ ಆನಿಸಿ, ಇನ್ನೊಂದರಲ್ಲಿ ಹಿಂಭಾಗಕ್ಕೆ ಆಸರೆ ಕೊಟ್ಟು ಎತ್ತಿಕೊಂಡು ಬಾಲದ ಕೆಳಗೆ ನೋಡಿದರೆ ಸಾಕು. ಉಳಿದ ಕಾಲದಲ್ಲಿ ಸಣ್ಣ ಸೀಳಿನಂತೆ ಕಾಣುವ ಯೋನಿದ್ವಾರ ಬೆದೆಯಲ್ಲಿ ಕೆಲವೇ ದಿನಗಳಲ್ಲಿ ಊದಿ, ಗುಲಾಬಿ ಬಣ್ಣಕ್ಕೆ ತಿರುಗಿ, ದ್ರಾಕ್ಷಿ ಹಣ್ಣಿನ ಗಾತ್ರಕ್ಕೆ ಬರುತ್ತದೆ. ಸುತ್ತಲಿನ ಕೂದಲು ಒದ್ದೆಯಾಗಿರುತ್ತದೆ. ಫೆಬ್ರುವರಿ ಕೊನೆಯಿಂದ ವಾರಕ್ಕೊಮ್ಮೆ ಹೀಗೆ ನೋಡಿ, ಊತ ಕಂಡ ತಾರೀಖನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಬೇಕು. ಮುಂದಿನ ಎಲ್ಲ ಲೆಕ್ಕವೂ ಆ ತಾರೀಖಿನಿಂದಲೇ. ಸಾಕುವ ಜಾಗ ಯಾವ ಗೋಳಾರ್ಧದಲ್ಲಿದೆ ಎಂಬುದೂ ಗಮನದಲ್ಲಿರಲಿ: ಮೆಲ್ಬರ್ನ್‌ನಲ್ಲಿ ಈ ತಪಾಸಣೆ ಶುರುವಾಗಬೇಕಾದದ್ದು ಆಗಸ್ಟ್‌ನಲ್ಲಿ.

ಮರಿ ಬೇಡವಾದರೆ

ಹಳೆಯ ತಲೆಮಾರಿನ ಫೆರೆಟ್ ಸಾಕಣೆಗಾರರಲ್ಲಿ ಒಂದು ಮಾತಿತ್ತು, ಜಿಲ್ ವರ್ಷಕ್ಕೊಮ್ಮೆ ಮರಿ ಹಾಕಲೇಬೇಕು, ಇಲ್ಲದಿದ್ದರೆ ಸಾಯುತ್ತದೆ ಎಂದು. ಬೆದೆ ಇಳಿಸುವ ಬೇರೆ ದಾರಿಯೇ ಇಲ್ಲದ ಕಾಲದಲ್ಲಿ ಅದರಲ್ಲಿ ಸತ್ಯಾಂಶ ಇತ್ತು. ಈಗ ಅದನ್ನು ನೆಪವಾಗಿಸಿಕೊಂಡು ಮರಿ ಹಾಕಿಸುವುದರಲ್ಲಿ ಅರ್ಥವಿಲ್ಲ. ಒಂದು ಸೂಲಿಗೆ ಸರಾಸರಿ ಎಂಟು ಮರಿ, ಕೆಲವೊಮ್ಮೆ ಹದಿನೈದೂ ದಾಟುತ್ತವೆ. ಒಂದೇ ಬೇಸಿಗೆಯಲ್ಲಿ ಎರಡು ಸೂಲೂ ಆಗಬಹುದು. ಇಷ್ಟು ಮರಿಗಳಿಗೆ ಒಳ್ಳೆಯ ಮನೆ ಹುಡುಕುವುದು ಸುಲಭವಲ್ಲ, ಆಶ್ರಯ ಕೇಂದ್ರಗಳಿಗೆ ಬೇಸಿಗೆಯ ಕೊನೆಯಲ್ಲಿ ಬಂದು ಬೀಳುವ ಮರಿಗಳೇ ಅದಕ್ಕೆ ಸಾಕ್ಷಿ.

ಬೇರೆ ದಾರಿಗಳು ನಾಲ್ಕೈದು ಇವೆ, ಎಲ್ಲವೂ ಪಶುವೈದ್ಯರ ಮೂಲಕವೇ ಆಗಬೇಕು. ಬ್ರಿಟನ್ನಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಜಿಲ್ ಜ್ಯಾಬ್ ಎಂದೇ ಹೆಸರಾದ ಪ್ರೊಲಿಜೆಸ್ಟೋನ್ ಚುಚ್ಚುಮದ್ದು. ಋತುವಿನ ಆರಂಭದಲ್ಲಿ ಒಮ್ಮೆ ಕೊಟ್ಟರೆ ಬಹುತೇಕ ಹೆಣ್ಣುಗಳಿಗೆ ಆ ವರ್ಷಕ್ಕೆ ಸಾಕಾಗುತ್ತದೆ, ಕೆಲವಕ್ಕೆ ಬೇಸಿಗೆಯ ನಡುವೆ ಇನ್ನೊಂದು ಬೇಕಾಗುತ್ತದೆ. ಚುಚ್ಚಿದ ಜಾಗದಲ್ಲಿ ಕೂದಲು ಉದುರುವುದುಂಟು. ಔಷಧ ದಾಸ್ತಾನಿದೆಯೇ ಎಂದು ಚಳಿಗಾಲದಲ್ಲೇ ವಿಚಾರಿಸಿಡುವುದು ಜಾಣತನ. ಈಗಾಗಲೇ ಬೆದೆಗೆ ಬಂದ ಹೆಣ್ಣಿಗೆ ಎಚ್‌ಸಿಜಿ ಅಥವಾ ಬುಸೆರೆಲಿನ್ ಎಂಬ ಹಾರ್ಮೋನು ಚುಚ್ಚಿ ಅಂಡಾಣು ಬಿಡುಗಡೆ ಮಾಡಿಸಬಹುದು. ಆದರೆ ಬೆದೆ ಶುರುವಾಗಿ ಹತ್ತು ದಿನವಾದರೂ ಆಗದೆ ಕೊಟ್ಟರೆ ಅದು ನಾಟುವುದಿಲ್ಲ. ಕ್ಯಾಲೆಂಡರ್ ಮೇಲೆ ಬರೆದ ತಾರೀಖು ಕೆಲಸಕ್ಕೆ ಬರುವುದು ಇಲ್ಲೇ.

ಹಳ್ಳಿಗಾಡಿನವರಿಗೆ ಇಷ್ಟವಾದ ದಾರಿ ಇನ್ನೊಂದು. ಗಂಡಿಗೆ ವಾಸೆಕ್ಟಮಿ ಮಾಡಿಸಿ ಅದನ್ನು ಹೆಣ್ಣಿನ ಜೊತೆ ಬಿಡುವುದು. ಇಂಥ ಗಂಡಿಗೆ ಹಾಬ್ಲೆಟ್ ಎಂದು ಹೆಸರು. ಕೂಡುವುದರಲ್ಲಿ ಅದಕ್ಕೇನೂ ಕೊರತೆಯಿಲ್ಲ, ಮರಿಯಾಗುವುದಿಲ್ಲ ಅಷ್ಟೆ. ಬೆದೆ ಇಳಿದು ಹೆಣ್ಣಿಗೆ ಸುಮಾರು ಆರು ವಾರ ಹುಸಿ ಗಬ್ಬ ಇರುತ್ತದೆ, ಹೊಟ್ಟೆ ದಪ್ಪಗಾಗಿ ಗೂಡೂ ಕಟ್ಟಿಕೊಳ್ಳಬಹುದು. ಅದು ಮುಗಿದ ಮೇಲೆ ಮತ್ತೆ ಬೆದೆ, ಮತ್ತೆ ಹಾಬ್ಲೆಟ್. ಶಸ್ತ್ರಚಿಕಿತ್ಸೆಯಾದ ಮೇಲೂ ಕೆಲವು ವಾರ ವೀರ್ಯಾಣು ಉಳಿದಿರುತ್ತವೆ, ಆದ್ದರಿಂದ ಎರಡು ತಿಂಗಳಾದರೂ ಕಾಯದೆ ಬಿಟ್ಟರೆ ಎಡವಟ್ಟು. ಒಂದೇ ಹಾಬ್ಲೆಟ್ ಊರೆಲ್ಲ ಸುತ್ತಿದರೆ ಗೂಡಿನಿಂದ ಗೂಡಿಗೆ ರೋಗವನ್ನೂ ಹೊತ್ತೊಯ್ಯುತ್ತದೆ.

ಹೆಣ್ಣಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಬಿಟ್ಟರೆ ಚಿಂತೆ ತೀರಿತಲ್ಲ ಎನ್ನಿಸುವುದು ಸಹಜ. ಬೆದೆಯ ಚಿಂತೆ ತೀರುತ್ತದೆ ನಿಜ, ಬೇರೊಂದು ಹತ್ತಿಕೊಳ್ಳಬಹುದು. ಅಂಡಾಶಯ ತೆಗೆದ ಮೇಲೆ ಮೆದುಳಿನಿಂದ ಬರುವ ಹಾರ್ಮೋನು ಸಂದೇಶಕ್ಕೆ ಕಡಿವಾಣ ಇರುವುದಿಲ್ಲ. ಅದು ಮೂತ್ರಪಿಂಡದ ಪಕ್ಕದ ಅಡ್ರಿನಲ್ ಗ್ರಂಥಿಯನ್ನು ವರ್ಷಗಟ್ಟಲೆ ಕೆರಳಿಸುತ್ತ, ಕೊನೆಗೆ ಅಲ್ಲಿ ಗೆಡ್ಡೆಯಾಗುತ್ತದೆ. ಬಾಲದಿಂದ ಮೇಲಕ್ಕೆ ಎರಡೂ ಪಕ್ಕ ಸಮನಾಗಿ ಕೂದಲು ಉದುರುವುದು, ತುರಿಕೆ, ಗಂಡಿಗೆ ಮೂತ್ರ ಕಟ್ಟುವುದು ಇದರ ಲಕ್ಷಣ. ಶಸ್ತ್ರಚಿಕಿತ್ಸೆಗೂ ಈ ಕಾಯಿಲೆ ಕಾಣಿಸಿಕೊಳ್ಳುವುದಕ್ಕೂ ನಡುವೆ ಸುಮಾರು ಮೂರೂವರೆ ವರ್ಷ ಹಿಡಿಯುತ್ತದೆ ಎಂದು ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2000ದಲ್ಲಿ ತೋರಿಸಿದರು.

ಈ ಕಾರಣಕ್ಕೇ ಯುರೋಪಿನ ಬಹಳ ವೈದ್ಯರು ಈಗ ಡೆಸ್ಲೊರೆಲಿನ್ ಇಂಪ್ಲಾಂಟ್ ಕಡೆ ವಾಲಿದ್ದಾರೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಈ ಗುಳಿಗೆಯನ್ನು ಭುಜಗಳ ನಡುವೆ ಚರ್ಮದ ಕೆಳಗೆ ಸೇರಿಸುತ್ತಾರೆ. 4.7 ಮಿಲಿಗ್ರಾಂನದು ಒಂದೆರಡು ವರ್ಷ ಕೆಲಸ ಮಾಡುತ್ತದೆ, 9.4 ಮಿಲಿಗ್ರಾಂನದು ಅದಕ್ಕಿಂತ ಹೆಚ್ಚು ಕಾಲ. ಗಂಡಿಗೂ ಹಾಕಿಸಬಹುದು, ಅದರ ವಾಸನೆ, ಜಗಳ ಎರಡೂ ಇಳಿಯುತ್ತವೆ. ಹಾಕಿಸಿದ ಹೊಸತರಲ್ಲಿ ಎರಡು ವಾರ ಬೆದೆಯ ಲಕ್ಷಣ ಇನ್ನಷ್ಟು ಕಾಣಬಹುದು, ಗಾಬರಿ ಬೇಡ, ಆದರೆ ಆ ದಿನಗಳಲ್ಲಿ ಗಂಡಿನಿಂದ ದೂರ ಇಡಬೇಕು. ಒಂದೋ ಎರಡೋ ಫೆರೆಟ್ ಇರುವ ಮನೆಗೆ ಇದಕ್ಕಿಂತ ನೆಮ್ಮದಿಯ ದಾರಿ ಕಾಣುವುದಿಲ್ಲ. ಹತ್ತಾರು ಇಟ್ಟುಕೊಂಡ ಬೇಟೆಗಾರನಿಗೆ ಖರ್ಚಿನ ಲೆಕ್ಕದಲ್ಲಿ ಹಾಬ್ಲೆಟ್ಟೇ ಹಿಡಿಸೀತು.

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಿಗೆ ಪರಿಸ್ಥಿತಿ ಬೇರೆ. ಅಲ್ಲಿ ಅಂಗಡಿಯಲ್ಲಿ ಸಿಗುವ ಮರಿಗಳಿಗೆ ಸಾಮಾನ್ಯವಾಗಿ ಎಳವೆಯಲ್ಲೇ ಸಂತಾನಹರಣ ಆಗಿರುತ್ತದೆ, ಬೆದೆಯ ಪ್ರಶ್ನೆ ಏಳುವುದಿಲ್ಲ. ಅಂಥ ಹೆಣ್ಣಿನಲ್ಲಿ ಊತ ಕಂಡರೆ ಅದು ಬೆದೆಯಲ್ಲ, ಬಹುಮಟ್ಟಿಗೆ ಅಡ್ರಿನಲ್ ಕಾಯಿಲೆ. ಕ್ಯಾಲಿಫೋರ್ನಿಯಾ, ಹವಾಯಿಗಳಲ್ಲಂತೂ ಫೆರೆಟ್ ಸಾಕುವುದೇ ಕಾನೂನುಬಾಹಿರ. ನ್ಯೂಜಿಲೆಂಡ್‌ನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಮೊಲ ಹಿಡಿಯಲೆಂದು ತಂದು ಬಿಟ್ಟ ಫೆರೆಟ್‌ಗಳು ಕಿವಿ ಹಕ್ಕಿಗಳನ್ನೇ ಹಿಡಿದು ತಿನ್ನತೊಡಗಿ, 2002ರಿಂದ ಮಾರಾಟ, ಸಂತಾನೋತ್ಪತ್ತಿ ಎರಡಕ್ಕೂ ನಿಷೇಧವಿದೆ.

ಗಂಡಿನ ರಂಪ

ಹೆಣ್ಣಿನದು ಜೀವದ ಪ್ರಶ್ನೆಯಾದರೆ ಗಂಡಿನದು ಬಹುಪಾಲು ಮೂಗಿನ ಪ್ರಶ್ನೆ. ಜನವರಿ ಕಳೆಯುತ್ತಿದ್ದಂತೆ ವೃಷಣಗಳು ದಪ್ಪಗಾಗುತ್ತವೆ, ಮೈಯ ಕೂದಲು ಎಣ್ಣೆ ಹಚ್ಚಿದಂತೆ ಜಿಡ್ಡಾಗಿ ಹಳದಿಗೆ ತಿರುಗುತ್ತದೆ, ಗೂಡಿನ ಮೂಲೆ ಮೂಲೆಗೂ ಮೂತ್ರ ಸಿಂಪಡಿಸುತ್ತದೆ. ವಾಸನೆ ತಾಳಲಾರದೆ ವಾರ ವಾರ ಸೋಪು ಹಾಕಿ ಮೀಯಿಸುವವರಿದ್ದಾರೆ. ಚರ್ಮ ಒಣಗಿದಷ್ಟೂ ಎಣ್ಣೆ ಇನ್ನೂ ಹೆಚ್ಚು ಒಸರುತ್ತದೆ, ವಾಸನೆಯೂ ಹೆಚ್ಚುತ್ತದೆ. ಮೀಯಿಸುವ ಬದಲು ಹಾಸಿಗೆ ಬಟ್ಟೆಯನ್ನು ಬೇಗ ಬೇಗ ಬದಲಿಸಿ ಗೂಡು ಒರೆಸುವುದು ಲೇಸು.

ಚಳಿಗಾಲದಲ್ಲಿ ಒಂದರ ಮೇಲೊಂದು ಬಿದ್ದು ಮಲಗುತ್ತಿದ್ದ ಗಂಡುಗಳು ಈಗ ಬದ್ಧವೈರಿಗಳು. ಸಂತಾನಹರಣವಾಗದ ಎರಡು ಗಂಡುಗಳನ್ನು ಫೆಬ್ರುವರಿಯ ನಂತರ ಒಂದೇ ಗೂಡಿನಲ್ಲಿಟ್ಟರೆ ರಕ್ತ ಹರಿಯುವುದು ಗ್ಯಾರಂಟಿ. ಕತ್ತಿನ ಗಾಯ ದಪ್ಪ ಕೂದಲಿನಡಿ ಕಾಣದೆ ಕೀವು ಕಟ್ಟುತ್ತದೆ, ದಿನಾ ಕೈಯಾಡಿಸಿ ನೋಡಬೇಕು. ಬೆದೆಯಲ್ಲಿಲ್ಲದ ಹೆಣ್ಣನ್ನೂ ಅವು ಬಿಡುವುದಿಲ್ಲ, ಕುತ್ತಿಗೆ ಕಚ್ಚಿ ಎಳೆದಾಡುತ್ತವೆ. ಈ ದಿನಗಳಲ್ಲಿ ಗಂಡಿನ ತೂಕ ಎದ್ದು ಕಾಣುವಷ್ಟು ಇಳಿಯುತ್ತದೆ. ಶರತ್ಕಾಲದಲ್ಲಿ ಕೊಬ್ಬು ಕೂಡಿಸಿಕೊಂಡು ಬೇಸಿಗೆಯಲ್ಲಿ ಕರಗಿಸುವುದು ಇವುಗಳ ಸಹಜ ಕ್ರಮ. ಮೂಳೆ ಎದ್ದು ಕಂಡರೆ, ಊಟ ಬಿಟ್ಟರೆ ಮಾತ್ರ ಅದನ್ನು ಋತುವಿನ ಲೆಕ್ಕಕ್ಕೆ ಸೇರಿಸಬಾರದು.

ಮರಿ ಬೇಕೆಂದೇ ತೀರ್ಮಾನಿಸಿದರೆ

ಗಟ್ಟಿಮುಟ್ಟಾದ, ಡಿಸ್ಟೆಂಪರ್ ಲಸಿಕೆ ಆಗಿರುವ ಹೆಣ್ಣನ್ನೇ ಆರಿಸಬೇಕು. ನಾಯಿಗಳಿಂದ ಹರಡುವ ಈ ರೋಗ ಫೆರೆಟ್‌ಗೆ ತಗಲಿದರೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಊತ ಕಂಡ ಎರಡನೇ ವಾರದಲ್ಲಿ ಹೆಣ್ಣನ್ನು ಗಂಡಿನ ಗೂಡಿಗೆ ಒಯ್ದು ಬಿಡುತ್ತಾರೆ. ಆಮೇಲಿನದು ನೋಡಲು ಹಿತವಲ್ಲ. ಗಂಡು ಹೆಣ್ಣಿನ ಕುತ್ತಿಗೆಯ ಚರ್ಮ ಕಚ್ಚಿ ಹಿಡಿದು ಗೂಡಿನ ಉದ್ದಗಲಕ್ಕೂ ಎಳೆದಾಡುತ್ತದೆ, ಹೆಣ್ಣು ಚೀರುತ್ತದೆ, ಕೂಡುವಿಕೆ ಗಂಟೆಗಟ್ಟಲೆ ನಡೆಯುತ್ತದೆ. ಮೊದಲ ಸಲ ನೋಡುವವರು ಓಡಿಹೋಗಿ ಬಿಡಿಸಲು ಹೋಗುತ್ತಾರೆ. ಹಾಗೆ ಮಾಡಬಾರದು, ಅಂಡಾಣು ಬಿಡುಗಡೆಗೆ ಈ ಒರಟುತನವೇ ಪ್ರಚೋದನೆ. ಒಂದೆರಡು ದಿನದ ಮೇಲೆ ಹೆಣ್ಣನ್ನು ಬೇರೆ ಮಾಡಿ ಕುತ್ತಿಗೆಯ ಗಾಯ ಉಪ್ಪುನೀರಿನಿಂದ ತೊಳೆದರೆ ಸಾಕು. ವಾರ ಹತ್ತು ದಿನದಲ್ಲಿ ಊತ ಇಳಿಯಬೇಕು. ಇಳಿಯದಿದ್ದರೆ ಕೂಡುವಿಕೆ ಫಲಿಸಿಲ್ಲ, ಬೆದೆಯ ಗಡಿಯಾರ ಇನ್ನೂ ಓಡುತ್ತಿದೆ ಎಂದರ್ಥ.

ಗಬ್ಬದ ಅವಧಿ 42 ದಿನ, ಒಂದು ದಿನ ಆಚೀಚೆ. ಮೂರನೇ ವಾರದ ಹೊತ್ತಿಗೆ ವೈದ್ಯರು ಹೊಟ್ಟೆ ಮುಟ್ಟಿಯೋ ಸ್ಕ್ಯಾನ್ ಮಾಡಿಯೋ ಮರಿಗಳಿವೆಯೇ ಎಂದು ಹೇಳಬಲ್ಲರು. ಊಟ ಹಿಂದಿನ ಕಾಲದವರು ಕೊಡುತ್ತಿದ್ದ ಹಾಲು ಬ್ರೆಡ್ಡಲ್ಲ. ಫೆರೆಟ್ ಅಪ್ಪಟ ಮಾಂಸಾಹಾರಿ, ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಕರುಳು ದಾಟುವಷ್ಟು ಪುಟ್ಟ ಜೀರ್ಣಾಂಗ ಅದರದು. ಮನೆಯಲ್ಲಿ ಸಸ್ಯಾಹಾರ ನಡೆಯುವುದಾದರೆ ಈ ಪ್ರಾಣಿಯನ್ನು ತರುವ ಮೊದಲೇ ಆ ಕುರಿತು ಮಾತಾಡಿಕೊಳ್ಳುವುದು ಒಳ್ಳೆಯದು; ಮೊಸರನ್ನಕ್ಕೆ ಅದು ಒಗ್ಗುವುದಿಲ್ಲ. ಗಬ್ಬದ ಹೆಣ್ಣಿಗೆ ಪ್ರೋಟೀನ್ ಶೇ. 35ಕ್ಕಿಂತ ಹೆಚ್ಚಿರುವ, ಕೊಬ್ಬೂ ಚೆನ್ನಾಗಿರುವ ಫೆರೆಟ್ ಆಹಾರ, ಮೂಳೆಸಹಿತ ಮಾಂಸ, ಹಗಲೂ ರಾತ್ರಿ ಕೈಗೆಟಕುವಂತಿರಬೇಕು. ಕೊನೆಯ ವಾರದಲ್ಲಿ ಒಂದೇ ದಿನ ಉಪವಾಸ ಬಿದ್ದರೂ ಸಾಕು, ಹೊಟ್ಟೆ ತುಂಬ ಮರಿಗಳಿರುವ ಹೆಣ್ಣಿನ ಯಕೃತ್ತು ಕೆಟ್ಟು ಜೀವಕ್ಕೇ ಎರವಾಗುತ್ತದೆ. ನೀರಿನ ಬಾಟಲಿಯ ನಳಿಕೆ ಕಟ್ಟಿಕೊಂಡು ಬಾಯಾರಿದ್ದರಿಂದ ಊಟ ಬಿಟ್ಟದ್ದೂ ಇದಕ್ಕೆ ಕಾರಣವಾಗಬಹುದು. ಆದ್ದರಿಂದ ಬಾಟಲಿಯ ಜೊತೆಗೆ ಮಗುಚಲಾಗದ ಬಟ್ಟಲಲ್ಲೂ ನೀರಿಡಬೇಕು.

ಮನೆಯಲ್ಲಿ ಯಾರಿಗಾದರೂ ಫ್ಲೂ ಇದ್ದರೆ ಅವರು ಗೂಡಿನ ಹತ್ತಿರ ಸುಳಿಯಬಾರದು. ಮನುಷ್ಯರ ಇನ್‌ಫ್ಲುಯೆಂಜಾ ವೈರಸ್ಸನ್ನು 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಬೇರ್ಪಡಿಸಿದ್ದು ಫೆರೆಟ್‌ಗಳಿಗೆ ಸೋಂಕು ಹಚ್ಚಿಯೇ. ಮುಂದೆ ಅದೇ ಪ್ರಯೋಗಾಲಯದ ಸಂಶೋಧಕರೊಬ್ಬರ ಮುಖಕ್ಕೆ ಫೆರೆಟ್ ಸೀನಿ ಅವರೂ ಮಲಗಿದರು. ದೊಡ್ಡ ಫೆರೆಟ್ ಹೇಗೋ ಚೇತರಿಸಿಕೊಂಡೀತು, ಎಳೆ ಮರಿಗೆ ಆ ತ್ರಾಣವಿಲ್ಲ.

ಹೆರಿಗೆಗೆ ಎರಡು ವಾರ ಮೊದಲೇ ಹೆಣ್ಣಿಗೆ ಪ್ರತ್ಯೇಕ, ಸದ್ದುಗದ್ದಲವಿಲ್ಲದ ಗೂಡು ಬೇಕು. ಒಳಗೊಂದು ಕತ್ತಲ ಪೆಟ್ಟಿಗೆ. ಮರಿ ಹೊರಕ್ಕೆ ಹರಿದು ಬೀಳದಷ್ಟು ಎತ್ತರದ, ತಾಯಿಯ ಮೊಲೆಗೆ ತರಚದಷ್ಟು ನುಣುಪಾದ ಅಂಚು. ಹಾಸಲು ಮೆತ್ತನೆಯ ಒಣಹುಲ್ಲು. ಟವೆಲ್ ಬಟ್ಟೆ ಬೇಡ, ಅದರ ದಾರದ ಕುಣಿಕೆಗೆ ಮರಿಯ ಕಾಲು ಸಿಕ್ಕಿಕೊಳ್ಳುತ್ತದೆ. 43ನೇ ದಿನ ಬಂದರೂ ಮರಿ ಹಾಕದಿದ್ದರೆ ಕಾಯದೆ ವೈದ್ಯರ ಬಳಿ ಹೋಗಬೇಕು. ಒಂದೋ ಎರಡೋ ಮರಿ ಮಾತ್ರ ಇದ್ದಾಗ ಹೆರಿಗೆ ಶುರುವಾಗಲು ಬೇಕಾದ ಪ್ರಚೋದನೆಯೇ ಸಾಲದೆ ಮರಿಗಳು ಒಳಗೇ ಸಾಯುತ್ತವೆ, ಆಗ ಸಿಸೇರಿಯನ್ ಬಿಟ್ಟು ಗತಿಯಿಲ್ಲ.

ಹುಟ್ಟಿದ ಮರಿಯ ತೂಕ ಹತ್ತು ಗ್ರಾಂ ಆಸುಪಾಸು. ಕಣ್ಣು ಕಿವಿ ಮುಚ್ಚಿರುತ್ತವೆ, ಮೈಮೇಲೆ ಬಿಳಿ ನವಿರು. ಮೊದಲ ವಾರ ಪೆಟ್ಟಿಗೆಯ ಮುಚ್ಚಳ ತೆಗೆದು ಎಣಿಸುವ ಆಸೆ ಎಲ್ಲರಿಗೂ ಆಗುತ್ತದೆ, ಮಕ್ಕಳಿಗಂತೂ ಹೇಳುವುದೇ ಬೇಡ. ಅದನ್ನು ತಡೆದುಕೊಳ್ಳಬೇಕು. ಬೆದರಿದ ತಾಯಿ, ಅದರಲ್ಲೂ ಮೊದಲ ಸೂಲಿನದು, ಮರಿಗಳನ್ನೇ ತಿಂದುಬಿಡುತ್ತದೆ. ಪೆಟ್ಟಿಗೆಯ ಹೊರಗಿನಿಂದ ಕಿವಿಗೊಟ್ಟರೆ ಸಾಕಷ್ಟು ತಿಳಿಯುತ್ತದೆ: ಹೊಟ್ಟೆ ತುಂಬಿದ ಮರಿಗಳು ಗುಡ್ಡೆಯಾಗಿ ಮಲಗಿರುತ್ತವೆ, ಹಾಲು ಸಿಗದವು ಒಂದೇ ಸಮನೆ ಚೀರುತ್ತವೆ. ಚೀರಾಟ ನಿಲ್ಲದಿದ್ದರೆ ತಾಯಿಯನ್ನು ತಿಂಡಿ ತೋರಿಸಿ ಹೊರಗೆ ಕರೆದು ಕೆಚ್ಚಲು ನೋಡಬೇಕು. ಬಿಸಿಯಾಗಿ, ಗಟ್ಟಿಯಾಗಿ, ಕಪ್ಪುಗಟ್ಟಿದ್ದರೆ ಅದು ಕೆಚ್ಚಲು ಬಾವು, ಗಂಟೆಗಳ ಲೆಕ್ಕದಲ್ಲಿ ಹಬ್ಬುವಂಥದು. ಹುಟ್ಟಿದ ಮರಿಗಳಿಗೆ ಬಾಟಲಿ ಹಾಲು ಕುಡಿಸಿ ಬದುಕಿಸುವುದು ತೀರಾ ಕಷ್ಟ. ಇನ್ನೊಂದು ಬಾಣಂತಿ ಜಿಲ್ ಇದ್ದರೆ ಹೆಚ್ಚಿನ ತಕರಾರಿಲ್ಲದೆ ಸಾಕಿಕೊಳ್ಳುತ್ತದೆ. ಅನುಭವಸ್ಥರು ಎರಡು ಹೆಣ್ಣುಗಳಿಗೆ ಒಟ್ಟಿಗೇ ಗಬ್ಬ ಕಟ್ಟಿಸುವುದು ಇದಕ್ಕೇ.

ಮೂರನೇ ವಾರಕ್ಕೆ, ಕಣ್ಣು ಬಿಡುವ ಮೊದಲೇ, ಮರಿಗಳು ಅರೆದ ಮಾಂಸ ನೆಕ್ಕತೊಡಗುತ್ತವೆ. ಹಾಲು ಜೋರಾಗಿ ಹರಿಯುವ ಈ ದಿನಗಳಲ್ಲಿ ತಾಯಿಯ ಹಿಂಗಾಲು ಬಲಹೀನವಾಗಿ ನಡುಕ ಬಂದರೆ ಅದು ಸುಣ್ಣದಂಶ ಕುಸಿದ ಹಾಲುಜ್ವರ. ಸೆಕೆಯೂ ಸೇರಿಕೊಂಡರೆ ಕಷ್ಟ ಇಮ್ಮಡಿ. ಫೆರೆಟ್‌ಗೆ ಬೆವರುವ ಶಕ್ತಿ ಇಲ್ಲ, ಮೂವತ್ತು ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಪಾಯ. 2022ರ ಜುಲೈ 19ರಂದು ಇಂಗ್ಲೆಂಡಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾದ ಮೇಲೆ, ಬ್ರಿಟನ್ ತಂಪು ದೇಶ ಎಂದು ಹಿತ್ತಲ ಗೂಡನ್ನು ಬಿಸಿಲಿಗೆ ಬಿಡುವ ಹಾಗಿಲ್ಲ. ನೆರಳು, ಗಾಳಿ, ಒದ್ದೆ ಬಟ್ಟೆ ಸುತ್ತಿದ ಐಸ್ ಬಾಟಲಿ, ಇಷ್ಟಾದರೂ ಇರಬೇಕು.

ಹಲವರು ಎಡವುವುದು ಇದಾದ ಮೇಲೆ. ಮರಿಗಳು ಐದಕ್ಕಿಂತ ಕಡಿಮೆಯಿದ್ದರೆ ತಾಯಿ ಹಾಲೂಡಿಸುತ್ತಿರುವಾಗಲೇ ಮತ್ತೆ ಬೆದೆಗೆ ಬರಬಹುದು. ಹೆಚ್ಚಿದ್ದರೆ ಹಾಲು ಬಿಡಿಸಿದ ಎರಡು ವಾರದೊಳಗೆ. ಮರಿಗಳ ಗದ್ದಲದಲ್ಲಿ ಬಾಲದ ಕೆಳಗೆ ಯಾರೂ ನೋಡುವುದಿಲ್ಲ, ಆಗಲೇ ಸೊರಗಿರುವ ದೇಹದ ಮೇಲೆ ಈಸ್ಟ್ರೋಜನ್ ದಾಳಿ ಇನ್ನೊಮ್ಮೆ. ಎರಡನೇ ಸೂಲು ಬೇಡವೆಂದಿದ್ದರೆ ವೈದ್ಯರ ಭೇಟಿಯನ್ನು ಹಾಲು ಬಿಡಿಸುವ ವಾರಕ್ಕೇ ಗೊತ್ತುಮಾಡಿಡಬೇಕು. ಮಜ್ಜೆ ಕುಗ್ಗಿದ್ದು ತಡವಾಗಿ ಗೊತ್ತಾದರೂ ಆಸೆ ಪೂರ್ತಿ ಬಿಡಬೇಕಿಲ್ಲ. ಫೆರೆಟ್‌ಗಳಲ್ಲಿ ರಕ್ತದ ಗುಂಪುಗಳ ಭೇದ ಪತ್ತೆಯಾಗಿಲ್ಲವಾದ್ದರಿಂದ ಆರೋಗ್ಯವಂತ ಗಂಡೊಂದರ ರಕ್ತ ತೆಗೆದು ನೇರ ಕೊಡಬಹುದು. ಕೆಂಪು ಕಣಗಳು ತೀರಾ ಇಳಿಯುವ ಮೊದಲು ಬಂದವು ಉಳಿಯುವುದುಂಟು.

ಮರಿಗಳು ಎಂಟು ವಾರ ತುಂಬಿದ ಮೇಲೆ ಹೊಸ ಮನೆಗೆ ಹೊರಡಬಹುದು. ಕೊಡುವಾಗ ಹುಟ್ಟಿದ ತಾರೀಖು, ಲಸಿಕೆಯ ವಿವರ, ತಿನ್ನುತ್ತಿದ್ದ ಆಹಾರದ ಹೆಸರು ಇಷ್ಟನ್ನು ಚೀಟಿಯಲ್ಲಿ ಬರೆದುಕೊಡುವುದು ರೂಢಿ. ಹೆಣ್ಣು ಮರಿಯಾದರೆ ಅದರ ಜೊತೆ ಇನ್ನೊಂದು ಸಾಲು ಸೇರಲಿ: ಮುಂದಿನ ಮಾರ್ಚ್‌ಗೆ ಇದೂ ಬೆದೆಗೆ ಬರುತ್ತದೆ, ಜನವರಿಯಲ್ಲೇ ಪಶುವೈದ್ಯರನ್ನು ಕಾಣಿರಿ.